ಟಂಕಸಾಲೆ ಇಲ್ಲದವರ ಹಗೇವು

ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಹಳಬರ ಬಾಯಲ್ಲಿ ರೂಪಾಯಿಗೆ ಎರಡು ಹೆಸರಿದ್ದವು: ಹಾಲಿ ಮತ್ತು ಕಲ್ದಾರ. ಹಾಲಿ ಅಂದರೆ ಹೈದರಾಬಾದ್ ನಿಜಾಮರ ಸಿಕ್ಕಾ, ಕಲ್ದಾರ ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಲೆಕ್ಕ. ಸಿಂಧನೂರಿನಿಂದ ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ ಹೋದರೆ ಅದು ಮದ್ರಾಸ್ ಪ್ರಾಂತ್ಯ. ಅಲ್ಲಿ ಕಲ್ದಾರದ್ದೇ ಕಾರಭಾರ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮುಂದಿನ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಮರೆಯಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಇದನ್ನು ನಾವು ವಿಮೋಚನೆಯ ಕಥೆಯಾಗಿ ಓದುತ್ತೇವೆ. ಅದು ಸರಿಯೇ. ಅದರ ಹೊಟ್ಟೆಯೊಳಗೆ ಇನ್ನೊಂದು ಕಥೆಯೂ ಇದೆ. ಒಂದು ಸೀಮೆ ತನ್ನ ಟಂಕಸಾಲೆಯನ್ನು ಬಿಟ್ಟುಕೊಟ್ಟು, ಹತ್ತಾರು ಸೀಮೆಗಳ ಜೊತೆ ಒಂದೇ ನಾಣ್ಯದ ಕೆಳಗೆ ಬಂದ ಕಥೆ ಅದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ನಾಣ್ಯ ಒಕ್ಕೂಟ ಎನ್ನುತ್ತಾರೆ. 1999ರಲ್ಲಿ ಯೂರೋ ಹುಟ್ಟಿದಾಗ ಜಗತ್ತೆಲ್ಲ ಈ ಪದವನ್ನು ಕಲಿಯಿತು. ನಮ್ಮಲ್ಲಿ ಅದು ಎಷ್ಟು ಹಳೆಯದೆಂದರೆ, ನಾವು ಅದರೊಳಗಿದ್ದೇವೆ ಎಂಬುದೇ ಮರೆತುಹೋಗಿದೆ. ಕರ್ನಾಟಕಕ್ಕೆ ತನ್ನದೇ ವಿಧಾನಸಭೆಯಿದೆ, ತೆರಿಗೆಯಿದೆ, ಬಜೆಟ್ ಇದೆ, ಸಾಲವಿದೆ. ನೋಟು ಮಾತ್ರ ಅದರದಲ್ಲ.

ನೋಟು ತನ್ನದಲ್ಲದ ಸರ್ಕಾರ ಸುಗ್ಗಿಯನ್ನೂ ಬರವನ್ನೂ ಹೇಗೆ ನಿಭಾಯಿಸಬೇಕು? ಅದಕ್ಕೊಂದು ಕಸುಬುಗಾರಿಕೆ ಇದೆ. ಮಗ್ಗದ ಮುಂದೆ ಕೂತವರ ಕೈಚಳಕದಂತೆ ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಗಳ ಕೈಯಲ್ಲಿರುವ ಬಜೆಟ್ ಪ್ರತಿ ಮಾತ್ರ. ಆ ಪ್ರತಿಯ ಹಿಂದಿನ ಕಸುಬನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಒಂದೇ ರಸ್ತೆ, ಮೂರು ಚಕ್ರ

ಸಿಂಧನೂರಿನಲ್ಲಿ ಬಸ್ಸು ಹತ್ತಿ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವವರು ಒಂದೇ ರಸ್ತೆಯಲ್ಲಿ ಮೂರು ಬಗೆಯ ಅರ್ಥವ್ಯವಸ್ಥೆ ದಾಟುತ್ತಾರೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಜಲಾಶಯ ತುಂಬಿ, ಸೋನಾ ಮಸೂರಿಗೆ ದರ ಕುದುರಿದರೆ ರೈಸ್ ಮಿಲ್ಲುಗಳು ಹಗಲು ರಾತ್ರಿ ಓಡುತ್ತವೆ, ಟ್ರ್ಯಾಕ್ಟರ್ ಷೋರೂಮುಗಳಲ್ಲಿ ಜಾತ್ರೆಯಾಗುತ್ತದೆ, ಉಪನೋಂದಣಿ ಕಚೇರಿಯಲ್ಲಿ ಪ್ಲಾಟುಗಳ ಕಾಗದ ಏಳುತ್ತದೆ. ಮಸ್ಕಿಯಲ್ಲಿ ಒಂದಿಷ್ಟು ಕಡೆ ಕಾಲುವೆ, ಉಳಿದ ಕಡೆ ಮುಗಿಲೇ ಗತಿ. ತೊಗರಿ, ಸಜ್ಜೆ, ಜೋಳ, ಹತ್ತಿಯ ಭವಿಷ್ಯ ಮಳೆಯ ಕೈಯಲ್ಲಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ರಾಜ್ಯ ಸರ್ಕಾರದ್ದೇ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಗಣಿಯಿಂದ ಚಿನ್ನ ತೆಗೆಯುವವರಲ್ಲಿ ಹಟ್ಟಿಯದೇ ಮುಖ್ಯ ಹೆಸರು. ಚಿನ್ನದ ಸ್ವಭಾವವೇ ಬೇರೆ: ಜಗತ್ತು ಹೆದರಿದಾಗ ಅದರ ಬೆಲೆ ಏರುತ್ತದೆ. 2020ರಲ್ಲಿ ಊರೂರು ಬಾಗಿಲು ಹಾಕಿದ್ದಾಗ ಚಿನ್ನದ ದರ ಮೇಲೆ ಹೋಗುತ್ತಿತ್ತು.

ಅಂದರೆ ಒಂದೇ ಬಸ್ಸಿನ ದಾರಿಯಲ್ಲಿ ಒಬ್ಬರದು ಜಲಾಶಯದ ಚಕ್ರ, ಒಬ್ಬರದು ಮುಗಿಲಿನ ಚಕ್ರ, ಒಬ್ಬರದು ಜಾಗತಿಕ ಮಾರುಕಟ್ಟೆಯ ಚಕ್ರ. ಮೂವರ ಜೇಬಿನಲ್ಲೂ ಅದೇ ರೂಪಾಯಿ. ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ರೆಪೊ ದರ ನಿಗದಿ ಮಾಡುವಾಗ ಇಡೀ ದೇಶದ ಬೆಲೆ ಏರಿಕೆ ನೋಡುತ್ತದೆ. ಮಸ್ಕಿಯಲ್ಲಿ ಹಿಂಗಾರು ಕೈಕೊಟ್ಟಿತೆಂದು ಬಡ್ಡಿ ಇಳಿಸಲು ಅದಕ್ಕೆ ಬರುವುದಿಲ್ಲ. ಸ್ವಂತ ನಾಣ್ಯವಿದ್ದ ದೇಶ ಕಷ್ಟಕಾಲದಲ್ಲಿ ಬಡ್ಡಿ ಇಳಿಸಬಹುದು, ನಾಣ್ಯದ ಬೆಲೆ ತಗ್ಗಲು ಬಿಟ್ಟು ರಫ್ತಿಗೆ ದಾರಿ ಮಾಡಬಹುದು, ತನ್ನದೇ ಕೇಂದ್ರ ಬ್ಯಾಂಕಿನ ಆಸರೆ ಪಡೆಯಬಹುದು. ಒಕ್ಕೂಟದೊಳಗಿನ ರಾಜ್ಯಕ್ಕೆ ಈ ಮೂರೂ ಇಲ್ಲ. ಅದರ ಕೈಯಲ್ಲಿ ಉಳಿದಿರುವ ದೊಡ್ಡ ಸಲಕರಣೆ ಬಜೆಟ್ ಒಂದೇ. ಆ ಸಲಕರಣೆಯೂ ಸಾಲದಿಂದ ಮುರಿದುಬಿದ್ದರೆ ಬರದ ವರ್ಷ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಸಾಲಕ್ಕೆ ಮಿತಿ ಹಾಕುವ ವಿತ್ತೀಯ ನಿಯಮಗಳು ಬೇಕಾದದ್ದು ಇದಕ್ಕಾಗಿ.

ಹಗೇವಿನ ಶಿಸ್ತು

ನಮ್ಮ ಎರೆಸೀಮೆಯ ಹಿರಿಯರಿಗೆ ಈ ಕಸುಬು ಗೊತ್ತಿತ್ತು. ಅವರು ಅದನ್ನು ನೆಲದೊಳಗೆ ತೋಡಿಟ್ಟಿದ್ದರು. ಹಗೇವು ಎಂದರೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಒಣಗಿದ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತುಂಬುವುದಕ್ಕೆ ಒಂದು ಶಿಸ್ತು, ತೆಗೆಯುವುದಕ್ಕೆ ಇನ್ನೊಂದು ಶಿಸ್ತು. ಸುಗ್ಗಿಯಲ್ಲಿ ತುಂಬಲೇಬೇಕು; ಆಗ ಮನೆ ತುಂಬ ಕಾಳಿರುವುದರಿಂದ ತುಂಬುವ ಮನಸ್ಸಾಗುವುದು ಕಷ್ಟ. ತೆರೆಯುವಾಗ ಆತುರ ಕೂಡದು. ಮುಚ್ಚಿದ ಹೊಟ್ಟೆಯೊಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಜೀವ ತೆಗೆಯಬಲ್ಲದು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯಬೇಕು.

ಒಳ್ಳೆಯ ವಿತ್ತೀಯ ನಿಯಮದಲ್ಲೂ ಈ ಎರಡು ಶಿಸ್ತು ಇರಬೇಕು. ಒಂದೇ ಇದ್ದು ಇನ್ನೊಂದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಯೂರೋಪೂ ಕಂಡಿದೆ, ನಾವೂ ಕಂಡಿದ್ದೇವೆ.

2002ರ ಕಾಯ್ದೆ

ಕರ್ನಾಟಕಕ್ಕೆ ಇಲ್ಲಿ ಹೆಮ್ಮೆಪಡಲು ಕಾರಣವಿದೆ. ದೇಶದ ರಾಜ್ಯಗಳಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ್ದು ನಮ್ಮ ರಾಜ್ಯ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ. ಕೇಂದ್ರ ಸರ್ಕಾರ ತನಗೆ ಅಂಥ ಕಾಯ್ದೆ ಮಾಡಿಕೊಂಡದ್ದು ಮರುವರ್ಷ, 2003ರಲ್ಲಿ. ಆಗ ರಾಜ್ಯ ಸಾಲುಸಾಲು ಬರದ ನಡುವೆ ಇತ್ತು ಎಂಬುದನ್ನು ನೆನೆದರೆ ಆ ಧೈರ್ಯ ದೊಡ್ಡದು ಅನ್ನಿಸುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ವರದಿ ಕೊಟ್ಟದ್ದೂ ಅದೇ 2002ರಲ್ಲಿ. ಒಂದು ಕಾಗದ ಖರ್ಚಿಗೆ ಕಡಿವಾಣ ಹಾಕು ಎನ್ನುತ್ತಿತ್ತು, ಇನ್ನೊಂದು ಖರ್ಚು ಮಾಡಬೇಕಾದ ಜಾಗ ತೋರಿಸುತ್ತಿತ್ತು. ಬಜೆಟ್ ಹೆಣೆಯುವವರ ಮೇಜಿನ ಮೇಲೆ ಈ ಎರಡು ಕಾಗದ ಯಾವತ್ತೂ ಅಕ್ಕಪಕ್ಕ ಇರುತ್ತವೆ.

ಕಾಯ್ದೆ ಹಾಕಿದ ಗೆರೆಗಳು ಮೂರು. ಮೊದಲನೆಯದು ರಾಜಸ್ವ ಕೊರತೆ: ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು, 2006ರ ಮಾರ್ಚ್ ಹೊತ್ತಿಗೆ ಈ ಕೊರತೆ ಸೊನ್ನೆಗೆ ಬರಬೇಕು. ಬಾವಿ ತೋಡಲು ಸಾಲ ಮಾಡಬಹುದು, ಉಣ್ಣಲು ಸಾಲ ಮಾಡಬೇಡ ಎಂಬ ಒಕ್ಕಲುತನದ ಬುದ್ಧಿ ಇದು. ಎರಡನೆಯದು ವಿತ್ತೀಯ ಕೊರತೆ: ಎಲ್ಲ ಖರ್ಚು ಸೇರಿ ಆ ವರ್ಷ ಎತ್ತುವ ಒಟ್ಟು ಸಾಲ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3 ಮೀರಬಾರದು. ಮೂರನೆಯದು ಒಟ್ಟು ಹೊಣೆ: ಕೂಡುತ್ತ ಬಂದ ಸಾಲವೆಲ್ಲ ಸೇರಿ ಉತ್ಪನ್ನದ ಶೇ 25ರ ಒಳಗಿರಬೇಕು. ಪ್ರಕೃತಿ ವಿಕೋಪದಂಥ ಅನಿರೀಕ್ಷಿತ ಹೊರೆ ಬಿದ್ದರೆ ಗೆರೆ ದಾಟಲು ಕಾಯ್ದೆಯೊಳಗೇ ಅವಕಾಶ ಇಟ್ಟರು. ಅದರ ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆ ಎಂಬ ಪುಸ್ತಕವನ್ನು ಪ್ರತಿ ಬಜೆಟ್ಟಿನೊಂದಿಗೆ ಸದನದ ಮುಂದೆ ಇಡಬೇಕು, ಮುಂದಿನ ಕೆಲವು ವರ್ಷಗಳ ಅಂದಾಜನ್ನು ಬರೆದು ಒಪ್ಪಿಸಬೇಕು ಎಂದರು.

ಫಲ ಗಡುವಿಗೆ ಮೊದಲೇ ಬಂತು. 2004-05ರಲ್ಲೇ ರಾಜ್ಯ ರಾಜಸ್ವ ಹೆಚ್ಚುವರಿ ಕಂಡಿತು, ಕೋವಿಡ್ ಬರುವ ತನಕ ಅದನ್ನು ಉಳಿಸಿಕೊಂಡಿತು. ನಡುವೆ ಎಷ್ಟು ಸರ್ಕಾರಗಳು ಬಂದವು, ಎಷ್ಟು ಮುಖ್ಯಮಂತ್ರಿಗಳು ಬದಲಾದರು! ಯಾರೇ ಬಂದರೂ ಗೆರೆ ನಿಂತಿತ್ತು. ಒಬ್ಬರು ಹಾಕಿದ ಪಾತಿಯನ್ನು ಇನ್ನೊಬ್ಬರು ಕೆಡಿಸದೆ ನೀರುಣಿಸಿದ್ದು ನಮ್ಮ ರಾಜಕಾರಣದಲ್ಲಿ ಅಪರೂಪದ ಸಂಗತಿ.

ಈ ಗೆರೆಯೊಳಗೆ ಬಂಡಿ ಹೊಡೆಯುವುದು ದಿನದಿನದ ಕೆಲಸ. ರಾಜ್ಯ ಸರ್ಕಾರದ ಖಾತೆಯಿರುವುದು ರಿಸರ್ವ್ ಬ್ಯಾಂಕಿನಲ್ಲಿ. ನಾಗಪುರದಲ್ಲಿರುವ ಅದರ ಲೆಕ್ಕ ವಿಭಾಗದಲ್ಲಿ ರಾಜ್ಯದ ಜಮಾ ಖರ್ಚು ದಿನವೂ ದಾಖಲಾಗುತ್ತದೆ. ಖಾತೆ ಬರಿದಾದರೆ ಕೆಲ ದಿನ ಕೈಸಾಲ ಸಿಗುತ್ತದೆ, ಅದಕ್ಕೂ ಮಿತಿ. ಮಿತಿ ಮೀರಿದ ಓವರ್‌ಡ್ರಾಫ್ಟಿನಲ್ಲಿ ಹೆಚ್ಚು ದಿನ ಉಳಿದರೆ ರಿಸರ್ವ್ ಬ್ಯಾಂಕು ಪಾವತಿಯನ್ನೇ ನಿಲ್ಲಿಸಬಹುದು. ದೊಡ್ಡ ಸಾಲಕ್ಕೆ ಸಾಮಾನ್ಯವಾಗಿ ಮಂಗಳವಾರಗಳಂದು ರಾಜ್ಯಗಳ ಸಾಲಪತ್ರಗಳ ಹರಾಜು ನಡೆಯುತ್ತದೆ. ಕೇಂದ್ರಕ್ಕೆ ಬಾಕಿ ಇರುವ ರಾಜ್ಯ ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರದ ಒಪ್ಪಿಗೆ ಇಲ್ಲದೆ ಸಾಲ ಎತ್ತುವಂತಿಲ್ಲ. ಇಷ್ಟು ಕಟ್ಟುಪಾಡಿನ ನಡುವೆ ತಿಂಗಳ ಸಂಬಳ ತಪ್ಪದಂತೆ, ಗುತ್ತಿಗೆದಾರರ ಬಿಲ್ಲು ಕೊಳೆಯದಂತೆ, ಹರಾಜಿನಲ್ಲಿ ಬಡ್ಡಿ ಏರದಂತೆ ನೋಡಿಕೊಳ್ಳುವವರ ಹೆಸರು ಯಾವ ಶಂಕುಸ್ಥಾಪನೆಯ ಕಲ್ಲಿನ ಮೇಲೂ ಇರುವುದಿಲ್ಲ.

ಬರಗಾಲದಲ್ಲಿ ಅಧಿಕ ಮಾಸ

ಈ ನಿಯಮಕ್ಕೆ ಒಂದು ಐಬಿದೆ. ಅದನ್ನು ಪುಟ್ಟ ಲೆಕ್ಕದಲ್ಲಿ ನೋಡಬಹುದು.

ಒಂದು ಕಾಲ್ಪನಿಕ ರಾಜ್ಯದ ಉತ್ಪನ್ನ 1000 ರೂಪಾಯಿ, ಸರ್ಕಾರದ ಆದಾಯ 120, ಖರ್ಚು 150 ಎಂದಿಟ್ಟುಕೊಳ್ಳಿ. ಕೊರತೆ 30, ಅಂದರೆ ಸರಿಯಾಗಿ ಶೇ 3. ಮಳೆ ಕೈಕೊಟ್ಟಿತು, ವ್ಯಾಪಾರ ಕುಸಿಯಿತು. ಉತ್ಪನ್ನ 960ಕ್ಕೆ ಇಳಿಯಿತು. ಸರ್ಕಾರದ ಆದಾಯ ಅದಕ್ಕಿಂತ ಜೋರಾಗಿ ಬೀಳುತ್ತದೆ. ಜನ ಅನ್ನ ಬಿಡುವುದಿಲ್ಲ, ಟ್ರ್ಯಾಕ್ಟರನ್ನೂ ಪ್ಲಾಟನ್ನೂ ಮುಂದೂಡುತ್ತಾರೆ. ಮೋಟಾರು ವಾಹನ ತೆರಿಗೆ, ಮುದ್ರಾಂಕ ಶುಲ್ಕ ಮೊದಲು ಸೊರಗುತ್ತವೆ. ಆದಾಯ 110 ಆಯಿತು ಅನ್ನೋಣ. ಖರ್ಚು ಅದೇ 150 ಇದ್ದರೂ ಕೊರತೆ 40, ಶೇ 4ಕ್ಕಿಂತ ಹೆಚ್ಚು. ವಿನಾಯಿತಿ ಸಿಗದಿದ್ದರೆ ನಿಯಮ ಒಪ್ಪುವುದು 28 ರೂಪಾಯಿ 80 ಪೈಸೆ ಮಾತ್ರ. ಹನ್ನೊಂದು ರೂಪಾಯಿ ಖರ್ಚು ಕಡಿಯಬೇಕು.

ಎಲ್ಲಿ ಕಡಿಯುವುದು? ತುಂಗಭದ್ರಾ ಜಲಾಶಯವನ್ನು ನೆನೆಯಿರಿ. 133 ಟಿಎಂಸಿ ಲೆಕ್ಕದಲ್ಲಿ ಕಟ್ಟಿದ್ದು ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಬಂದಿದೆ. ಸಂಬಳ, ಪಿಂಚಣಿ, ಬಡ್ಡಿ ಬಜೆಟ್ಟಿನ ಹೂಳು. ಅವನ್ನು ಅಲುಗಾಡಿಸಲು ಆಗದು. ಹಾಗಾಗಿ ಕತ್ತರಿ ಬೀಳುವುದು ಕಾಲುವೆಯ ಲೈನಿಂಗಿಗೆ, ರಸ್ತೆಗೆ, ಶಾಲೆಯ ಕೋಣೆಗೆ. ಕೆಲಸ ನಿಂತರೆ ಟಿಪ್ಪರ್ ನಿಲ್ಲುತ್ತದೆ, ಸಿಮೆಂಟಿನ ಅಂಗಡಿಯಲ್ಲಿ ಉದ್ರಿ ಏರುತ್ತದೆ, ಕೂಲಿಯವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮೊದಲೇ ಬಿದ್ದ ವ್ಯಾಪಾರವನ್ನು ಸರ್ಕಾರವೇ ಇನ್ನಷ್ಟು ಕೆಳಗೆ ನೂಕಿದಂತಾಗುತ್ತದೆ. ಬರಗಾಲದಲ್ಲಿ ಅಧಿಕ ಮಾಸ ಅಂದರೆ ಇದೇ.

ಸುಗ್ಗಿಯ ವರ್ಷ ಬರಲಿ. ಉತ್ಪನ್ನ 1060, ಆದಾಯ 132. ಖರ್ಚು 150ರಲ್ಲೇ ನಿಂತರೆ ಕೊರತೆ 18 ಮಾತ್ರ. ಆದರೆ ನಿಯಮ 31 ರೂಪಾಯಿ 80 ಪೈಸೆ ತನಕ ಸಾಲ ಮಾಡು ಎನ್ನುತ್ತದೆ! ಹದಿಮೂರು ರೂಪಾಯಿ ಚಿಲ್ಲರೆ ಹೆಚ್ಚಿಗೆ ಖರ್ಚು ಮಾಡಿದರೂ ಕಾನೂನಿಗೆ ವಿರುದ್ಧವಲ್ಲ. ಚುನಾವಣೆ ಹತ್ತಿರವಿದ್ದರೆ ಆ ಹದಿಮೂರು ರೂಪಾಯಿ ಉಳಿಯುವುದುಂಟೇ? ಹೀಗೆ ಶೇ 3ರ ಗೆರೆ ಬಡಕಲು ಎತ್ತಿಗೆ ಬಾರುಕೋಲು ಬೀಸುತ್ತದೆ, ಕೊಬ್ಬಿದ ಎತ್ತನ್ನು ಬಯಲಿಗೆ ಬಿಡುತ್ತದೆ.

ಎರಡೂ ವರ್ಷ 150 ರೂಪಾಯಿಯನ್ನೇ ಖರ್ಚು ಮಾಡಿದ್ದರೆ? ಎರಡು ವರ್ಷದ ಕೊರತೆ 40 ಮತ್ತು 18, ಒಟ್ಟು 58. ಎರಡು ವರ್ಷದ ಉತ್ಪನ್ನ 2020. ಸರಾಸರಿ ಕೊರತೆ ಶೇ 3ಕ್ಕಿಂತ ಕಡಿಮೆಯೇ. ಸಾಲ ನಿಯಮ ಒಪ್ಪುವ ಮೊತ್ತವನ್ನು ಮೀರಲಿಲ್ಲ, ಕಾಲುವೆಯ ಕೆಲಸವೂ ನಿಲ್ಲಲಿಲ್ಲ. ಚಕ್ರ ಏರಿದಾಗ ಕೊರತೆ ತಾನಾಗಿ ಇಳಿಯಲಿ, ಚಕ್ರ ಇಳಿದಾಗ ತಾನಾಗಿ ಏರಲಿ, ಖರ್ಚು ಮಾತ್ರ ಸಮನಾಗಿ ಸಾಗಲಿ ಎನ್ನುವುದು ಈ ಕಸುಬಿನ ಗುಟ್ಟು.

ಯೂರೋಪು ಕಲಿತದ್ದು

ಇದೇ ಪಾಠಕ್ಕೆ ಯೂರೋಪು ದುಬಾರಿ ಬೆಲೆ ತೆತ್ತಿತು. 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಎರಡು ಅಂಕಿಗಳಿದ್ದವು: ಕೊರತೆ ಶೇ 3, ಸಾಲ ಶೇ 60. ಆ ಶೇ 3 ಯಾವ ಮಹಾಸಿದ್ಧಾಂತದಿಂದಲೂ ಇಳಿದು ಬಂದದ್ದಲ್ಲ. 1981ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂಗೆ ಮಂತ್ರಿಗಳ ಖರ್ಚಿನ ಬೇಡಿಕೆಗೆ ತಡೆಹಾಕಲು ಒಂದು ಸರಳ ಸಂಖ್ಯೆ ಬೇಕಿತ್ತು. ಬಜೆಟ್ ವಿಭಾಗದ ಅಧಿಕಾರಿಗಳು ಒಂದು ತಾಸಿನೊಳಗೆ ಅದನ್ನು ಹೊಸೆದರು ಎಂದು ಅವರಲ್ಲೊಬ್ಬರಾದ ಗೀ ಅಬೇಯ್ ಮುಂದೆ ಹೇಳಿಕೊಂಡಿದ್ದಾರೆ. ಪ್ಯಾರಿಸ್ಸಿನ ಕಚೇರಿಯಲ್ಲಿ ಹುಟ್ಟಿದ ಅಂಕಿ ಯೂರೋಪನ್ನೆಲ್ಲ ಸುತ್ತಿತು. ಅದೇ ಅಂಕಿ ನಮ್ಮ ವಿಧಾನಸೌಧದ ಕಾಯ್ದೆಯಲ್ಲೂ ಕೂತಿದೆ.

2003ರ ಹೊತ್ತಿಗೆ ಜರ್ಮನಿ, ಫ್ರಾನ್ಸುಗಳೇ ಗೆರೆ ದಾಟಿದವು, ದಂಡವೇನೂ ಬೀಳಲಿಲ್ಲ. ಗ್ರೀಸ್ ಕೊರತೆಯನ್ನು ಕಡಿಮೆ ತೋರಿಸುತ್ತ ಬಂತು. 2009ರ ಕೊನೆಗೆ ನಿಜ ಹೊರಬಿದ್ದಾಗ ನಾಣ್ಯವನ್ನು ಇಳಿಸಲು ಅದರ ಕೈಯಲ್ಲಿ ಟಂಕಸಾಲೆ ಇರಲಿಲ್ಲ. ಎಲ್ಲಕ್ಕಿಂತ ಪಾಠ ಕಲಿಸುವುದು ಸ್ಪೇನಿನ ಕಥೆ. 2007ರಲ್ಲಿ ಅದರ ಬಜೆಟ್ ಹೆಚ್ಚುವರಿಯಲ್ಲಿತ್ತು, ಸಾಲ ಉತ್ಪನ್ನದ ಶೇ 40ಕ್ಕಿಂತ ಕಡಿಮೆ. ನಿಯಮದ ಪ್ರಕಾರ ಮೊದಲ ಬೆಂಚಿನ ವಿದ್ಯಾರ್ಥಿ. ಆದರೆ ಆ ಆದಾಯವೆಲ್ಲ ಮನೆ ಕಟ್ಟುವ ಭರಾಟೆಯಿಂದ ಬಂದದ್ದು. ಭರಾಟೆ ನಿಂತದ್ದೇ ಹೆಚ್ಚುವರಿ ಕರಗಿ, ಕೊರತೆ ಬೆಟ್ಟವಾಯಿತು. ನೆರೆಯ ನೀರು ನೋಡಿ ಮೂರು ಬೆಳೆಗೆ ಬೀಜ ಕೊಂಡವರ ಪಾಡು.

ಹಾಗಾಗಿ ಕಸುಬುದಾರರು ಕೊರತೆಯನ್ನು ಎರಡಾಗಿ ಸೀಳಿ ನೋಡಲು ಕಲಿತರು. ಎಷ್ಟು ಕೊರತೆ ಚಕ್ರದಿಂದ ಬಂದದ್ದು, ಎಷ್ಟು ನಮ್ಮ ಅಭ್ಯಾಸದಿಂದ ಬಂದದ್ದು? ಚಕ್ರದ ಪಾಲನ್ನು ತೆಗೆದಿಟ್ಟರೆ ಉಳಿಯುವುದು ರಚನಾತ್ಮಕ ಕೊರತೆ. ನಿಯಮ ಹಾಕಬೇಕಾದದ್ದು ಅದಕ್ಕೆ. ಹೇಳುವುದು ಸುಲಭ, ಅಳೆಯುವುದು ಕಷ್ಟ. ಈ ವರ್ಷದ ಆದಾಯದಲ್ಲಿ ನೆರೆ ಎಷ್ಟು, ಒರತೆ ಎಷ್ಟು ಎಂದು ಆ ವರ್ಷವೇ ಹೇಳಲು ಆಗುವುದಿಲ್ಲ. ನೆರೆ ಇಳಿದ ಮೇಲೇ ಒರತೆ ಕಾಣುವುದು. 2024ರಲ್ಲಿ ಯೂರೋಪು ತನ್ನ ನಿಯಮ ತಿದ್ದಿ, ಖರ್ಚು ವರ್ಷಕ್ಕೆ ಎಷ್ಟು ಏರಬಹುದು ಎಂಬುದರ ಮೇಲೆ ಹೆಚ್ಚು ಕಣ್ಣಿಡಲು ಹೊರಟಿತು. ಆದಾಯ ಮುಗಿಲಿನ ಕೈಯಲ್ಲಿದೆ, ಖರ್ಚು ನಮ್ಮ ಕೈಯಲ್ಲಿದೆ ಎಂಬ ಸರಳ ತಿಳಿವಳಿಕೆ ಅದರ ಹಿಂದಿದೆ.

ಬಾಯಿ ತೆರೆಯುವ ವಿದ್ಯೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಸಿಂಧನೂರಿನ ಗದ್ದೆಗಳಲ್ಲಿ ಆಗಷ್ಟೇ ನಾಟಿಯ ಹೊತ್ತು. ತಂತ್ರಜ್ಞರೂ ಕೆಲಸಗಾರರೂ ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ತಡೆದರು. ಅದು ತಾತ್ಕಾಲಿಕ ಗೇಟು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಹೊತ್ತಿಗೆ ಬೇಕಾದದ್ದು ಅದೇ.

ವಿತ್ತೀಯ ನಿಯಮಕ್ಕೂ ಇಂಥ ಸ್ಟಾಪ್‌ಲಾಗ್ ಬೇಕು. 2008ರ ಜಾಗತಿಕ ಕುಸಿತದಲ್ಲಿ ಕೇಂದ್ರವು ರಾಜ್ಯಗಳ ಮಿತಿಯನ್ನು ಆ ವರ್ಷಕ್ಕೆ ಶೇ 3.5ಕ್ಕೆ, ಮರುವರ್ಷಕ್ಕೆ ಶೇ 4ಕ್ಕೆ ಏರಿಸಿತು. 2020ರ ಮೇ ತಿಂಗಳಲ್ಲಿ, ಕೋವಿಡ್ ನಡುವೆ, ಶೇ 5ರ ತನಕ ಸಾಲಕ್ಕೆ ಒಪ್ಪಿತು. ಹೆಚ್ಚಿಗೆ ಕೊಟ್ಟ ಶೇ 2ರಲ್ಲಿ ಅರ್ಧ ಶೇಕಡ ಮಾತ್ರ ಷರತ್ತಿಲ್ಲದ್ದು. ಉಳಿದದ್ದಕ್ಕೆ ಪಡಿತರ ಚೀಟಿ, ವಿದ್ಯುತ್ ವಿತರಣೆ, ನಗರ ಸಂಸ್ಥೆಗಳು, ಉದ್ಯಮ ನಿಯಮ ಈ ನಾಲ್ಕರ ಸುಧಾರಣೆಯ ಷರತ್ತಿತ್ತು. ಕರ್ನಾಟಕ ತನ್ನ 2002ರ ಕಾಯ್ದೆಗೆ ತಿದ್ದುಪಡಿ ತಂದು ಮಿತಿಯನ್ನು ಶೇ 5ಕ್ಕೆ ಏರಿಸಿಕೊಂಡಿತು. ಯೂರೋಪೂ ಅದೇ ವರ್ಷದ ಮಾರ್ಚ್‌ನಲ್ಲಿ ತನ್ನ ನಿಯಮವನ್ನು ಬದಿಗಿಟ್ಟಿತ್ತು. ಹೆಚ್ಚುಕಡಿಮೆ ಒಂದೇ ವಸಂತದಲ್ಲಿ ಎರಡು ಒಕ್ಕೂಟಗಳು ಹಗೇವಿನ ಬಾಯಿ ತೆರೆದವು.

ಬಾಗಿಲಿನಿಂದ ತೆರೆಯುವುದು ಒಂದು, ಹಿಂದಿನಿಂದ ಕನ್ನ ಕೊರೆಯುವುದು ಇನ್ನೊಂದು. ಸರ್ಕಾರಗಳಿಗೆ ಗೊತ್ತಿರುವ ಕನ್ನ ಎಂದರೆ ನಿಗಮದ ಹೆಸರಿನಲ್ಲಿ ಸಾಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಲಿಂಗಸುಗೂರು, ದೇವದುರ್ಗದ ಕಡೆ ಹರಿದದ್ದರ ಹಿಂದೆ 1994ರಲ್ಲಿ ಹುಟ್ಟಿದ ಕೃಷ್ಣಾ ಭಾಗ್ಯ ಜಲ ನಿಗಮವಿದೆ. ಕೃಷ್ಣಾ ನೀರಿನ ಪಾಲು ಕೈತಪ್ಪದಂತೆ ಕೆಲಸ ಬೇಗ ಮುಗಿಸಬೇಕಿತ್ತು. ನಿಗಮ ಬಾಂಡುಗಳ ಮೂಲಕ ಹಣ ಎತ್ತಿತು. ಒಣಭೂಮಿಗೆ ನೀರು ಬಂದದ್ದು ನಿಜ. ಆ ಸಾಲದ ಅಸಲು ಬಡ್ಡಿ ತೀರಿಸುವುದು ಕೊನೆಗೆ ಬಜೆಟ್ಟೇ ಎಂಬುದೂ ನಿಜ. ಒಳ್ಳೆಯ ಕೆಲಸಕ್ಕೆ ಮಾಡಿದ ಸಾಲವಾದರೂ ಖಾತೆಯ ಹೊರಗಿದ್ದರೆ ಖಾತೆ ಸುಳ್ಳು ಹೇಳುತ್ತದೆ. ಮುಂದೆ ಒಂದು ತಿದ್ದುಪಡಿಯಲ್ಲಿ ಇಂಥ ಬಜೆಟ್ ಹೊರಗಿನ ಸಾಲವನ್ನೂ ಒಟ್ಟು ಹೊಣೆಯ ಲೆಕ್ಕಕ್ಕೆ ತಂದದ್ದು ಕರ್ನಾಟಕದ ಕಾಯ್ದೆಗೆ ಹೊಸ ಬಿಗಿ ಕೊಟ್ಟಿತು.

ಒಕ್ಕೂಟ ಕೊಡಬೇಕಾದ ಪಾಲು

ನಿಯಮ ಪಾಲಿಸುವ ರಾಜ್ಯಕ್ಕೆ ಒಕ್ಕೂಟವೂ ಋಣಿ. ಯೂರೋಪಿಗೂ ನಮಗೂ ದೊಡ್ಡ ವ್ಯತ್ಯಾಸ ಇಲ್ಲಿದೆ: ನಮ್ಮ ಒಕ್ಕೂಟಕ್ಕೆ ದೊಡ್ಡ ಕೇಂದ್ರ ಬಜೆಟ್ ಇದೆ, ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಕೂರುತ್ತದೆ. 2006ರಲ್ಲಿ ಉದ್ಯೋಗ ಖಾತರಿ ಮೊದಲ ಹಂತದಲ್ಲೇ ರಾಯಚೂರು ಜಿಲ್ಲೆಗೆ ಬಂದಾಗ ಕೂಲಿಯ ಹಣ ಕೇಂದ್ರದ್ದು. ಮಳೆ ಹೋದ ವರ್ಷ ಮಸ್ಕಿ ಲಿಂಗಸುಗೂರಿನಲ್ಲಿ ಕೆಲಸ ಕೇಳುವವರು ಹೆಚ್ಚುತ್ತಿದ್ದರು, ದುಡ್ಡೂ ಹೆಚ್ಚು ಬರುತ್ತಿತ್ತು. ಯಾವ ಮಂತ್ರಿಯ ಘೋಷಣೆಯೂ ಬೇಕಿಲ್ಲದೆ ಚಕ್ರಕ್ಕೆ ಎದುರಾಗಿ ಹರಿಯುತ್ತಿದ್ದ ದುಡ್ಡು ಅದು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಮೀಸಲಿಡುವ ಅನುದಾನ ಪಾಲು ಕೊಡುವ ತತ್ತ್ವವನ್ನು ರಾಜ್ಯದೊಳಗೆ ತರುತ್ತದೆ.

ಆದರೆ ಪಾಲು ಇಳಿಯುವುದೂ ಉಂಟು. ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳು ತಮ್ಮ ಮಾರಾಟ ತೆರಿಗೆಯ ಬಹುಪಾಲನ್ನು ಬಿಟ್ಟುಕೊಟ್ಟವು. ವರ್ಷಕ್ಕೆ ಶೇ 14ರ ಏರಿಕೆಯ ಭರವಸೆ ಐದು ವರ್ಷಕ್ಕೆ ಇತ್ತು, 2022ರ ಜೂನ್‌ಗೆ ಮುಗಿಯಿತು. ಟಂಕಸಾಲೆ ಮೊದಲೇ ಇಲ್ಲ, ತೆರಿಗೆಯ ಕೀಲಿಯೂ ಅರ್ಧ ಹೋಯಿತು. ಹೀಗಾದಾಗ ಹಗೇವಿನ ಬೆಲೆ ಹೆಚ್ಚುತ್ತದೆ.

2025-26ರಲ್ಲಿ ನಮ್ಮ ಹಗೇವು ಎಲ್ಲಿತ್ತು? 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ಮಂಡಿಸಿದ 2025-26ರ ಬಜೆಟ್ಟಿನ ಗಾತ್ರ ರೂ. 4,09,549 ಕೋಟಿ. ವಿತ್ತೀಯ ಕೊರತೆಯ ಅಂದಾಜು ಉತ್ಪನ್ನದ ಶೇ 2.95, ಒಟ್ಟು ಹೊಣೆ ಶೇ 24.91. ಎರಡೂ ಗೆರೆಯ ಒಳಗೇ ಇದ್ದವು, ಒಂದು ಕೂದಲೆಳೆ ಅಂತರದಲ್ಲಿ. ರಾಜಸ್ವ ಕೊರತೆ ಮಾತ್ರ ರೂ. 19,262 ಕೋಟಿ, ಸೊನ್ನೆ ಇರಬೇಕಾದ ಜಾಗ ಅದು. ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು ರೂ. 51,034 ಕೋಟಿ. ಬಡವರ ಮನೆಗೆ ಹೋಗುವ ದುಡ್ಡು ದಂಡ ಎಂದು ನಾನು ಹೇಳುವುದಿಲ್ಲ. ಅದು ಸಿಂಧನೂರಿನ ಅಂಗಡಿಗಳಿಗೇ ಮರಳಿ ಬರುತ್ತದೆ. ಹೇಳಬೇಕಾದದ್ದು ಬೇರೆ. ಅಂಚಿನ ತನಕ ತುಂಬಿದ ಸಾಲದ ಪಾತ್ರೆ ಹೊತ್ತು ನಿಂತ ವರ್ಷವೇ ದೊಡ್ಡ ಬರ ಬಂದರೆ ಚಾಚಲು ಕೈ ಇರುವುದಿಲ್ಲ. ನಮ್ಮ ಕಾಯ್ದೆಗೆ ಮೇಲಿನ ಮುಚ್ಚಳವಿದೆ, ಸುಗ್ಗಿಯಲ್ಲಿ ಇಷ್ಟು ತುಂಬಲೇಬೇಕು ಎಂಬ ಮಾತು ಇಲ್ಲ. ರಾಜ್ಯಗಳು ಸಾಲ ತೀರುವಳಿಗೆಂದು ರಿಸರ್ವ್ ಬ್ಯಾಂಕಿನಲ್ಲಿ ನಿಧಿ ಕೂಡಿಡುವ ಏರ್ಪಾಡಿದೆ. ಹುಲುಸಾದ ವರ್ಷದ ಹೆಚ್ಚುವರಿ ಆದಾಯದ ಒಂದು ಭಾಗ ಅಲ್ಲಿಗೆ ಹೋಗಲೇಬೇಕೆಂದು ಬರೆದರೆ 2002ರಲ್ಲಿ ಅರ್ಧ ತೋಡಿದ ಹಗೇವು ಪೂರ್ತಿಯಾಗುತ್ತದೆ.

ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಬಂಡೆಯ ಮೇಲೊಂದು ಬರಹ ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೇ ತೋರಿಸಿಕೊಟ್ಟ ಶಾಸನ ಅದು. ಆ ದೊರೆ ತನ್ನ ಮಾತನ್ನು ಜನ ಕಾಣುವ ಬಂಡೆಯ ಮೇಲೆ ಕೆತ್ತಿಸಿದ. ನಮ್ಮ ಮಧ್ಯಮಾವಧಿ ವಿತ್ತೀಯ ಯೋಜನೆಯೂ ಜನ ಕಾಣಲೆಂದೇ ಅಚ್ಚಾಗುತ್ತದೆ, ಓದುವವರು ಕಡಿಮೆ. ಬರುವ ಬಜೆಟ್ಟಿನ ದಿನ ನಮ್ಮ ತಾಲ್ಲೂಕಿಗೆ ಏನು ಬಂತು ಎಂದು ಕೇಳುವ ಜೊತೆಗೆ ಆ ಪುಸ್ತಕವನ್ನೂ ಒಮ್ಮೆ ತೆರೆಯಿರಿ. ರಾಜಸ್ವ ಕೊರತೆಯ ಸಾಲು, ಒಟ್ಟು ಹೊಣೆಯ ಸಾಲು ನೋಡಿ. ಈ ಸಲ ಸುಗ್ಗಿಯೇ ಆಗಿದ್ದರೆ ಹಗೇವಿಗೆ ಎಷ್ಟು ಚೀಲ ಇಳಿಸಿದಿರಿ ಎಂದು ನಿಮ್ಮ ಶಾಸಕರನ್ನು ಕೇಳಿ.